ನವೆಂಬರ್ 29: ಒಂದು ತಾರೀಖು, ಎರಡು ಜನತೆಯ ನೆನಪು



ನಿಮ್ಮ ಮನೆಯ ಗೋಡೆಯ ಮೇಲೆ ತೂಗುವ ಕ್ಯಾಲೆಂಡರನ್ನು ಒಮ್ಮೆ ನೆನಪಿಸಿಕೊಳ್ಳಿ. ಪ್ರತಿ ದಿನಕ್ಕೂ ಅಲ್ಲಿ ಒಂದು ಚೌಕವಿದೆ. ಚೌಕದ ನಡುವೆ ದೊಡ್ಡದಾಗಿ ಇಂಗ್ಲಿಷ್ ತಾರೀಖು, ಅದರಡಿ ಸಣ್ಣ ಅಕ್ಷರಗಳಲ್ಲಿ ತಿಥಿ ಮತ್ತು ನಕ್ಷತ್ರ. ಹಾಲಿನ ಲೆಕ್ಕ ಬರೆಯುವವರು ದೊಡ್ಡ ಅಂಕಿಯನ್ನು ನೋಡುತ್ತಾರೆ. ಏಕಾದಶಿ ಯಾವಾಗ ಎಂದು ಹುಡುಕುವ ಅಜ್ಜಿ ಸಣ್ಣ ಅಕ್ಷರಗಳನ್ನು ನೋಡುತ್ತಾರೆ. ಚೌಕ ಒಂದೇ, ಲೆಕ್ಕ ಎರಡು.

ಇತಿಹಾಸದಲ್ಲಿಯೂ ಇಂಥ ಚೌಕಗಳಿವೆ. ಬೇರೆ ಬೇರೆ ವರ್ಷಗಳಲ್ಲಿ ನಡೆದ ದೊಡ್ಡ ಘಟನೆಗಳು ಒಂದೇ ತಾರೀಖಿನ ಚೌಕದಲ್ಲಿ ಬಂದು ಕೂಡಿಕೊಳ್ಳುತ್ತವೆ. ಅದನ್ನು ಕಂಡಾಗ ನಮಗೆ ಬೆರಗಾಗುತ್ತದೆ. 'ಇದು ಆಕಸ್ಮಿಕವೇ? ವಿಧಿಯೇ? ಯಾರಾದರೂ ಬೇಕೆಂದೇ ಆರಿಸಿದ್ದೇ?' ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಯನ್ನು ಆಧುನಿಕ ಯೆಹೂದ್ಯ ಜನತೆಯ ಇತಿಹಾಸದಿಂದ, ಮುಖ್ಯವಾಗಿ ನವೆಂಬರ್ 29 ಎಂಬ ಒಂದು ಚೌಕದಿಂದ, ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಮೊದಲು ಯೆಹೂದ್ಯರ ಪಂಚಾಂಗದ ಬಗ್ಗೆ ನಾಲ್ಕು ಮಾತು. ನಮ್ಮ ಚಾಂದ್ರಮಾನದಂತೆ ಅವರ ತಿಂಗಳೂ ಚಂದ್ರನನ್ನು ಅನುಸರಿಸುತ್ತದೆ. ಆದರೆ ಹಬ್ಬಗಳು ಋತುವಿಗೆ ಹೊಂದಬೇಕಲ್ಲ! ಆದ್ದರಿಂದ ನಮ್ಮಲ್ಲಿ ಅಧಿಕ ಮಾಸ ಬರುವಂತೆ ಅವರಲ್ಲಿಯೂ 19 ವರ್ಷಗಳಲ್ಲಿ 7 ಬಾರಿ ಒಂದು ಹೆಚ್ಚಿನ ತಿಂಗಳು ಸೇರುತ್ತದೆ. ವ್ಯತ್ಯಾಸವೂ ಇದೆ. ನಮ್ಮ ಸಂಪ್ರದಾಯದಲ್ಲಿ ದಿನ ಸೂರ್ಯೋದಯಕ್ಕೆ ಆರಂಭವಾದರೆ ಅವರಲ್ಲಿ ಸೂರ್ಯಾಸ್ತಕ್ಕೆ ಆರಂಭವಾಗುತ್ತದೆ.

ಇದರಿಂದ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ನೋಡಿ. ಇಸ್ರೇಲಿನ ಪ್ರಧಾನಿ ಯಿತ್ಸಾಕ್ ರಾಬಿನ್ ಅವರು 1995ರ ನವೆಂಬರ್ 4ರ ಶನಿವಾರ ರಾತ್ರಿ ಟೆಲ್ ಅವೀವ್ ನಗರದಲ್ಲಿ, ಶಾಂತಿಗಾಗಿ ಸೇರಿದ್ದ ಸಭೆಯಿಂದ ಹೊರಡುವಾಗ, ಒಬ್ಬ ಯೆಹೂದಿ ಉಗ್ರವಾದಿಯ ಗುಂಡಿಗೆ ಬಲಿಯಾದರು. ಅಂದು ಹಗಲು ಯೆಹೂದಿ ಪಂಚಾಂಗದಲ್ಲಿ ಹೆಶ್ವಾನ್ ತಿಂಗಳ 11ನೆಯ ದಿನ. ಸೂರ್ಯ ಮುಳುಗಿದ್ದರಿಂದ ಕೊಲೆ ನಡೆದ ಹೊತ್ತು 12ನೆಯ ದಿನಕ್ಕೆ ಸೇರಿತು. ಇಸ್ರೇಲ್ ಸರ್ಕಾರ ಅವರ ಸ್ಮರಣೆಯ ದಿನವನ್ನು ಹೆಶ್ವಾನ್ 12ಕ್ಕೆ ಆಚರಿಸುತ್ತದೆ. ಜಗತ್ತಿನ ಪತ್ರಿಕೆಗಳು ನವೆಂಬರ್ 4 ಎಂದು ನೆನೆಯುತ್ತವೆ. ಸಾವು ಒಂದೇ, ಪುಣ್ಯದಿನಗಳು ಎರಡು.

ಈಗ ನಮ್ಮ ಚೌಕಕ್ಕೆ ಬರೋಣ: 1947ರ ನವೆಂಬರ್ 29, ಶನಿವಾರ.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಪ್ಯಾಲೆಸ್ಟೈನ್ ಎಂಬ ನಾಡು ನಾಲ್ಕು ಶತಮಾನಗಳ ಕಾಲ ತುರ್ಕಿಯ ಆಟೊಮನ್ ಸಾಮ್ರಾಜ್ಯದಲ್ಲಿತ್ತು. ಮೊದಲನೆಯ ಮಹಾಯುದ್ಧದ ನಡುವೆ, 1917ರ ನವೆಂಬರ್ 2ರಂದು, ಬ್ರಿಟನ್ನಿನ ವಿದೇಶಾಂಗ ಸಚಿವ ಬಾಲ್ಫರ್ ಅಲ್ಲಿ ಯೆಹೂದ್ಯರಿಗೆ ಒಂದು 'ರಾಷ್ಟ್ರೀಯ ನೆಲೆ'ಯನ್ನು ಬೆಂಬಲಿಸುವುದಾಗಿ ಪತ್ರ ಬರೆದ. ಅಲ್ಲಿನ ಇತರ ಜನರ ನಾಗರಿಕ ಮತ್ತು ಧಾರ್ಮಿಕ ಹಕ್ಕುಗಳಿಗೆ ಧಕ್ಕೆ ಬಾರದೆಂಬ ಮಾತೂ ಅದೇ ಪತ್ರದಲ್ಲಿತ್ತು. ಮರುವರ್ಷ ಬ್ರಿಟಿಷ್ ಸೇನೆ ಆ ನಾಡನ್ನು ಗೆದ್ದುಕೊಂಡಿತು. ಇಲ್ಲಿ ನಮ್ಮ ನಾಡಿನ ಹೆಜ್ಜೆ ಗುರುತೂ ಇದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಬಂದರನ್ನು ಗೆದ್ದ ಕುದುರೆ ದಳಗಳು ಜೋಧಪುರ ಲ್ಯಾನ್ಸರ್ಸ್ ಮತ್ತು ನಮ್ಮ ಮೈಸೂರು ಲ್ಯಾನ್ಸರ್ಸ್. ದೆಹಲಿಯ 'ತೀನ್ ಮೂರ್ತಿ' ವೃತ್ತದಲ್ಲಿ ನಿಂತ ಮೂವರು ಯೋಧರ ವಿಗ್ರಹಗಳು ಜೋಧಪುರ, ಹೈದರಾಬಾದ್ ಮತ್ತು ಮೈಸೂರು ಸಂಸ್ಥಾನಗಳ ಆ ಅಶ್ವದಳಗಳನ್ನೇ ಪ್ರತಿನಿಧಿಸುತ್ತವೆ.

ಮುಂದೆ ಬ್ರಿಟಿಷ್ ಆಡಳಿತದಲ್ಲಿ ಯೂರೋಪಿನಿಂದ ಯೆಹೂದ್ಯರು ಬಂದು ನೆಲೆಸುತ್ತ ಹೋದರು. ತಲೆತಲಾಂತರದಿಂದ ಅಲ್ಲಿಯೇ ಬಾಳುತ್ತಿದ್ದ ಅರಬರು ತಮ್ಮ ನೆಲ ಕೈಬಿಟ್ಟು ಹೋಗುವುದೆಂದು ಹೆದರಿ ಪ್ರತಿಭಟಿಸಿದರು. ಎರಡನೆಯ ಮಹಾಯುದ್ಧದಲ್ಲಿ ಹಿಟ್ಲರನ ಆಡಳಿತ ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದಿತು. ಬದುಕಿ ಉಳಿದವರಿಗೆ ಹೋಗಲು ಊರಿರಲಿಲ್ಲ. ಬ್ರಿಟನ್ 1947ರಲ್ಲಿ ಸಮಸ್ಯೆಯನ್ನು ವಿಶ್ವಸಂಸ್ಥೆಯ ಮುಂದೆ ಇಟ್ಟಿತು.

ವಿಶ್ವಸಂಸ್ಥೆ 11 ದೇಶಗಳ ಒಂದು ಸಮಿತಿಯನ್ನು ಕಳುಹಿಸಿತು. ಅದರಲ್ಲಿ ಭಾರತವೂ ಇತ್ತು. ನಮ್ಮ ಪ್ರತಿನಿಧಿ ನ್ಯಾಯಮೂರ್ತಿ ಅಬ್ದುರ್ ರಹಮಾನ್. ಬಹುಮತದ ಸದಸ್ಯರು ನಾಡನ್ನು ಎರಡು ರಾಜ್ಯಗಳಾಗಿ ವಿಭಜಿಸಬೇಕೆಂದರು. ಭಾರತ, ಇರಾನ್ ಮತ್ತು ಯುಗೊಸ್ಲಾವಿಯಾ ಒಪ್ಪಲಿಲ್ಲ. ಎರಡೂ ಜನರಿಗೆ ಸ್ವಾಯತ್ತತೆಯಿರುವ ಒಂದೇ ಒಕ್ಕೂಟ ರಾಜ್ಯವಾಗಲಿ ಎಂದವು.

ಮತದಾನ ನವೆಂಬರ್ 26ಕ್ಕೆ ಮುಗಿಯುವ ನಿರೀಕ್ಷೆಯಿತ್ತು. ಅಂದು ಮುಂದಕ್ಕೆ ಹೋಯಿತು. ಮರುದಿನ ಅಮೆರಿಕದಲ್ಲಿ ಹಬ್ಬದ ರಜೆ. 28ರಂದು ಫ್ರಾನ್ಸ್ ಇನ್ನೊಂದು ದಿನದ ಕಾಲಾವಕಾಶ ಕೇಳಿತು. ಹೀಗೆ ಮೂರು ದಿನ ಜಾರಿ 29ಕ್ಕೆ ಬಂದು ನಿಂತಿತು. ಮುಂದೆ ಬೀದಿಗಳಿಗೆ ಹೆಸರಾದ, ದಶಕಗಳ ಕಾಲ ಹಾಡಿಗೂ ಕಣ್ಣೀರಿಗೂ ಕಾರಣವಾದ ಆ ತಾರೀಖನ್ನು ಅಂದು ಯಾರೂ ಆರಿಸಿರಲಿಲ್ಲ. ಸಭೆಯ ಮುಂದೂಡಿಕೆಗಳು ಅದನ್ನು ಆರಿಸಿದವು.

ನ್ಯೂಯಾರ್ಕಿನಲ್ಲಿ ಒಂದೊಂದೇ ದೇಶದ ಹೆಸರನ್ನು ಕರೆದರು. ಪರವಾಗಿ 33, ವಿರುದ್ಧ 13, ತಟಸ್ಥ 10. ಬ್ರಿಟನ್ ತಟಸ್ಥವಾಗಿತ್ತು. ಭಾರತ ವಿರುದ್ಧವಾಗಿ ಮತ ಹಾಕಿತು. ಮೂರೂವರೆ ತಿಂಗಳ ಹಿಂದೆಯಷ್ಟೇ ವಿಭಜನೆಯ ಗಾಯವನ್ನು ಮೈಮೇಲೆ ಹೊತ್ತಿದ್ದ ದೇಶ ನಮ್ಮದು ಎಂಬುದನ್ನು ಮರೆಯಬೇಡಿ.

ಇಲ್ಲಿ ಒಂದು ಸೂಕ್ಷ್ಮವಿದೆ. ನ್ಯೂಯಾರ್ಕಿನಲ್ಲಿ ಆಗ ಸಂಜೆ. ಜೆರೂಸಲೆಮ್ ನಗರ ಅದಕ್ಕಿಂತ ಏಳು ಗಂಟೆ ಮುಂದೆ. ಅಂದರೆ ಅಲ್ಲಿ ನಡುರಾತ್ರಿಯ ಹೊತ್ತು. ರೇಡಿಯೋ ಮುಂದೆ ಕಿವಿಗೊಟ್ಟು ಕುಳಿತಿದ್ದ ಯೆಹೂದ್ಯರು ಫಲಿತಾಂಶ ಕೇಳಿ ಬೀದಿಗೆ ಓಡಿ ಬಂದು ಕುಣಿದಾಗ ಅವರ ಊರಿನಲ್ಲಿ ತಾರೀಖು ಬದಲಾಗಿ ನವೆಂಬರ್ 30 ಆಗುತ್ತಿತ್ತು. ಆದರೂ ದಿನದ ಹೆಸರು 29 ಎಂದೇ ಉಳಿಯಿತು. ಜೆರೂಸಲೆಮ್ ಸೇರಿದಂತೆ ಇಸ್ರೇಲಿನ ಊರುಗಳಲ್ಲಿ 'ಕಾಫ್ ಟೆತ್ ನವೆಂಬರ್' ಎಂಬ ಹೆಸರಿನ ಬೀದಿಗಳಿವೆ. ಕಾಫ್ ಎಂದರೆ 20, ಟೆತ್ ಎಂದರೆ 9. ಹೀಬ್ರೂ ಅಕ್ಷರಗಳಿಂದಲೇ ಅಂಕಿ ಬರೆಯುವ ಹಳೆಯ ಪದ್ಧತಿ. ಅಂಕಿ ಹೀಬ್ರೂ, ತಿಂಗಳು ಮಾತ್ರ ನವೆಂಬರ್! ತನ್ನ ಪಂಚಾಂಗವನ್ನು ಅಷ್ಟು ಜತನವಾಗಿ ಕಾಯ್ದುಕೊಂಡ ಜನತೆ, ಜಗತ್ತು ತನಗೆ ಮತ ನೀಡಿದ ದಿನವನ್ನು ಮಾತ್ರ ಜಗತ್ತಿನ ಕ್ಯಾಲೆಂಡರಿನಲ್ಲಿಯೇ ನೆನೆಯಿತು.

ಅದೇ ಶನಿವಾರ ಇನ್ನೊಂದು ಸಂಗತಿ ನಡೆಯಿತು. ಮೃತ ಸಮುದ್ರದ ದಡದ ಕುಮ್ರಾನ್ ಬಳಿಯ ಗುಹೆಯೊಂದರಲ್ಲಿ ಕುರಿ ಕಾಯುವ ಬೆಡೂಯಿನ್ ಜನರಿಗೆ ಹಳೆಯ ಚರ್ಮದ ಸುರುಳಿಗಳು ಸಿಕ್ಕಿದ್ದವು. ಹೀಬ್ರೂ ವಿಶ್ವವಿದ್ಯಾಲಯದ ಪ್ರಾಕ್ತನಶಾಸ್ತ್ರಜ್ಞ ಎಲಿಯೆಜರ್ ಸುಕೇನಿಕ್ ಅವುಗಳ ಸುಳಿವು ಹಿಡಿದರು. ಬೆತ್ಲೆಹೆಮ್ ಅರಬರ ಊರು. ಮತದಾನದ ಫಲ ಏನೇ ಆದರೂ ಗಲಭೆ ಏಳಬಹುದಾದ ದಿನ. ಅಂಥ ದಿನ ಅವರು ಅಲ್ಲಿಗೆ ಹೋಗಿ, ವ್ಯಾಪಾರಿಯ ಬಳಿ ಸುರುಳಿಗಳನ್ನು ನೋಡಿ, ಕಂಕುಳಲ್ಲಿ ಇಟ್ಟುಕೊಂಡು ಮರಳಿದರು. ಸುಮಾರು ಎರಡು ಸಾವಿರ ವರ್ಷಗಳಷ್ಟು ಹಿಂದಿನ ಹೀಬ್ರೂ ಬರಹಗಳು ಅವು. ಅವರು ಮನೆಯಲ್ಲಿ ಆ ಅಕ್ಷರಗಳ ಮೇಲೆ ಬಗ್ಗಿ ಕುಳಿತಿದ್ದಾಗ ಮಗ ರೇಡಿಯೋದಿಂದ ಮತದಾನದ ಸುದ್ದಿ ತಂದುಕೊಟ್ಟ. ಹಳೆಯ ರಾಜ್ಯ ಅಳಿಯುವ ಮುಂಚಿನ ಕಾಲದ ಬರಹ ಕೈಸೇರಿದ ದಿನವೇ ಹೊಸ ರಾಜ್ಯಕ್ಕೆ ಜಗತ್ತಿನ ಒಪ್ಪಿಗೆ ದೊರೆಯಿತು. ಇದು ನಿಜವಾದ ಆಕಸ್ಮಿಕ. ನ್ಯೂಯಾರ್ಕಿನ ಪ್ರತಿನಿಧಿಗಳಿಗೆ ಬೆತ್ಲೆಹೆಮ್ಮಿನ ವ್ಯಾಪಾರಿಯ ಸುದ್ದಿ ಗೊತ್ತಿರಲಿಲ್ಲ. ವ್ಯಾಪಾರಿಗೆ ಅವರ ಮತ ಗೊತ್ತಿರಲಿಲ್ಲ.

ಆದರೆ ಆಕಸ್ಮಿಕಗಳನ್ನು ಎಣಿಸುವಾಗ ನಮಗೆ ಹಿತವಾದುದನ್ನು ಮಾತ್ರ ಎಣಿಸಬಾರದು. ಮತದಾನದ ಸುದ್ದಿ ಹಬ್ಬುತ್ತಲೇ ಸಿರಿಯಾದ ಅಲೆಪ್ಪೊ ನಗರದಲ್ಲಿ ಗಲಭೆ ಎದ್ದು ಯೆಹೂದ್ಯರ ಪುರಾತನ ಪ್ರಾರ್ಥನಾ ಮಂದಿರಕ್ಕೆ ಬೆಂಕಿ ಬಿತ್ತು. ಹತ್ತನೆಯ ಶತಮಾನದಲ್ಲಿ ಬರೆದ, ಹೀಬ್ರೂ ಬೈಬಲಿನ ಅತ್ಯಂತ ಶುದ್ಧ ಪಾಠವೆಂದು ಗಣ್ಯವಾದ ಹಸ್ತಪ್ರತಿ ಅಲ್ಲಿತ್ತು. ಅದರಲ್ಲಿ ಇಂದು ಸುಮಾರು 295 ಹಾಳೆಗಳು ಮಾತ್ರ ಉಳಿದಿವೆ. ಒಂದು ವಾರದೊಳಗೆ ಒಂದು ಗ್ರಂಥ ದೊರಕಿತು, ಒಂದು ಗ್ರಂಥ ಹರಿದುಹೋಯಿತು. ಸುರುಳಿಗಳಿಗಾಗಿ 1965ರಲ್ಲಿ ಜೆರೂಸಲೆಮ್ಮಿನಲ್ಲಿ ತೆರೆದ 'ಗ್ರಂಥ ಮಂದಿರ'ವೇ ಇಂದು ಇವೆರಡಕ್ಕೂ ಆಶ್ರಯ.

ಇನ್ನು ಆ ಚೌಕದ ಮತ್ತೊಂದು ಮಗ್ಗುಲು. ವಿಭಜನೆಯ ಯೋಜನೆ ನಾಡಿನ ಅರ್ಧಕ್ಕಿಂತ ಹೆಚ್ಚು ಭೂಮಿಯನ್ನು ಯೆಹೂದಿ ರಾಜ್ಯಕ್ಕೆ ಕೊಟ್ಟಿತ್ತು. ಅಂದು ಯೆಹೂದ್ಯರು ಜನಸಂಖ್ಯೆಯಲ್ಲಿ ಸುಮಾರು ಮೂರನೆಯ ಒಂದು ಪಾಲು. ಯೆಹೂದಿ ನಾಯಕರು ಯೋಜನೆಯನ್ನು ಒಪ್ಪಿಕೊಂಡರು, ಅರಬ್ ನಾಯಕರು ತಿರಸ್ಕರಿಸಿದರು. ನವೆಂಬರ್ 30ರಂದೇ ಬಸ್ಸುಗಳ ಮೇಲೆ ದಾಳಿ ನಡೆದು ರಕ್ತ ಹರಿಯಿತು. 1948ರ ಮೇ 14ರಂದು ಇಸ್ರೇಲ್ ಸ್ಥಾಪನೆಯ ಘೋಷಣೆಯಾಯಿತು. ಮರುದಿನ ನೆರೆಯ ಅರಬ್ ದೇಶಗಳ ಸೇನೆಗಳು ಒಳನುಗ್ಗಿದವು. ಆ ಯುದ್ಧ ಮುಗಿಯುವಷ್ಟರಲ್ಲಿ ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯರು ಮನೆಮಠ ಕಳೆದುಕೊಂಡು ನಿರಾಶ್ರಿತರಾಗಿದ್ದರು. ಅವರು ಇದನ್ನು 'ನಕ್ಬಾ', ಅಂದರೆ ಮಹಾ ವಿಪತ್ತು, ಎಂದು ಕರೆಯುತ್ತಾರೆ. ಮೇ 15ರಂದು ಅದರ ಸ್ಮರಣೆ ಮಾಡುತ್ತಾರೆ. ಯೋಜನೆಯಲ್ಲಿದ್ದ ಅರಬ್ ರಾಜ್ಯ ಹುಟ್ಟಲೇ ಇಲ್ಲ.

ಈಗ ಗಮನಿಸಿ. 1947ರ ನವೆಂಬರ್ 29 ತಾನಾಗಿ ಬಂದ ದಿನ. ಮುಂದಿನ ನವೆಂಬರ್ 29ಗಳು ಹಾಗಲ್ಲ. 1977ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ನವೆಂಬರ್ 29ನ್ನು 'ಪ್ಯಾಲೆಸ್ಟೀನಿಯರೊಡನೆ ಸೌಹಾರ್ದದ ಅಂತರರಾಷ್ಟ್ರೀಯ ದಿನ'ವೆಂದು ಗೊತ್ತುಮಾಡಿತು. ಎರಡು ರಾಜ್ಯಗಳ ಮಾತು ಕೊಟ್ಟ ದಿನ ಅದು, ಒಂದೇ ರಾಜ್ಯ ಬಂತು ಎಂಬುದನ್ನು ಪ್ರತಿ ವರ್ಷ ನೆನಪಿಸುವುದು ಅದರ ಉದ್ದೇಶ. 2012ರಲ್ಲಿ ಅದೇ ತಾರೀಖಿಗೆ, ಸರಿಯಾಗಿ 65 ವರ್ಷಗಳ ತರುವಾಯ, ಅದೇ ಮಹಾಸಭೆ ಪ್ಯಾಲೆಸ್ಟೈನಿಗೆ ಸದಸ್ಯೇತರ ವೀಕ್ಷಕ ರಾಷ್ಟ್ರದ ಸ್ಥಾನ ನೀಡಿತು. ಪರವಾಗಿ 138, ವಿರುದ್ಧ 9, ತಟಸ್ಥ 41. ಭಾರತ ಪರವಾಗಿ ಮತ ಹಾಕಿತು. ಇಲ್ಲಿ ತಾರೀಖನ್ನು ತಿಳಿದೇ ಆರಿಸಿದ್ದರು. 2014ರಲ್ಲಿ ಇಸ್ರೇಲಿನ ಸಂಸತ್ತು, ಅರಬ್ ದೇಶಗಳಿಂದಲೂ ಇರಾನಿನಿಂದಲೂ ಊರು ಬಿಡಬೇಕಾಗಿ ಬಂದ ಲಕ್ಷಾಂತರ ಯೆಹೂದ್ಯರ ನೆನಪಿಗೆ ಒಂದು ದಿನ ಬೇಕೆಂದು ಕಾನೂನು ಮಾಡಿತು. ಅದು ಆರಿಸಿದ ದಿನ ಯಾವುದು? ನವೆಂಬರ್ 30. 'ಮತದಾನದ ಮರುದಿನದಿಂದ ನಮ್ಮವರಿಗೂ ಕಷ್ಟ ಬಂತು' ಎಂಬುದು ಆ ಆಯ್ಕೆಯ ಅರ್ಥ. ಹೀಗೆ ತಾರೀಖುಗಳೇ ಪರಸ್ಪರ ಮಾತಾಡತೊಡಗಿದವು, ವಾದಿಸತೊಡಗಿದವು.

ತಾರೀಖುಗಳು ಕೂಡುವುದಕ್ಕೆ ಮೂರನೆಯ ಒಂದು ಬಗೆಯಿದೆ: ಒಂದು ದಿನ ಇನ್ನೊಂದು ದಿನವನ್ನು ಹುಟ್ಟಿಸುವುದು. 1923ರ ನವೆಂಬರ್ 8 ಮತ್ತು 9ರಂದು ಹಿಟ್ಲರ್ ಮ್ಯೂನಿಕ್ ನಗರದಲ್ಲಿ ಅಧಿಕಾರ ಕಸಿಯಲು ಹೋಗಿ ಸೋತ. ಅಧಿಕಾರಕ್ಕೆ ಬಂದ ಮೇಲೆ ನಾಟ್ಸಿ ಪಕ್ಷ ಪ್ರತಿ ವರ್ಷ ಆ ದಿನವನ್ನು ಅಲ್ಲಿ ಆಚರಿಸುತ್ತಿತ್ತು. 1938ರ ನವೆಂಬರ್ 9ರ ಸಂಜೆಯೂ ನಾಯಕರೆಲ್ಲ ಅಲ್ಲಿ ಸೇರಿದ್ದರು. ಪ್ಯಾರಿಸ್ಸಿನಲ್ಲಿ ಎರಡು ದಿನಗಳ ಹಿಂದೆ ಒಬ್ಬ ಯೆಹೂದಿ ತರುಣನ ಗುಂಡೇಟು ತಿಂದಿದ್ದ ಜರ್ಮನ್ ಅಧಿಕಾರಿ ತೀರಿಕೊಂಡ ಸುದ್ದಿ ಅಂದೇ ಬಂತು. ಪ್ರಚಾರ ಸಚಿವ ಗೋಬೆಲ್ಸ್ ಸಭೆಯನ್ನು ಕೆರಳಿಸಿದ. ನಾಯಕರು ತಮ್ಮ ತಮ್ಮ ಊರುಗಳಿಗೆ ಅಲ್ಲಿಂದಲೇ ದೂರವಾಣಿ ಮಾಡಿದರು. ಆ ರಾತ್ರಿಯೂ ಮರುದಿನವೂ ಜರ್ಮನಿಯಾದ್ಯಂತ ಯೆಹೂದ್ಯರ ಪ್ರಾರ್ಥನಾ ಮಂದಿರಗಳು ಉರಿದವು, ಅಂಗಡಿಗಳ ಗಾಜು ಪುಡಿಯಾಯಿತು, ಸುಮಾರು 30,000 ಪುರುಷರನ್ನು ಹಿಡಿದು ಶಿಬಿರಗಳಿಗೆ ತಳ್ಳಿದರು. ನಾಯಕರು ವಾರ್ಷಿಕೋತ್ಸವಕ್ಕೆ ಒಂದೆಡೆ ಸೇರಿದ್ದರಿಂದಲೇ ಆಜ್ಞೆ ಅಷ್ಟು ಬೇಗ ಹರಡಿತು. ಇದನ್ನು ಆಕಸ್ಮಿಕ ಎನ್ನಲಾಗದು; ಇಲ್ಲಿ ಕಾರಣವಿದೆ.

ಅದರ 37ನೆಯ ವರ್ಷ, 1975ರ ನವೆಂಬರ್ 10ರಂದು, ವಿಶ್ವಸಂಸ್ಥೆಯ ಮಹಾಸಭೆ ಯೆಹೂದಿ ರಾಷ್ಟ್ರವಾದವಾದ ಜಿಯೋನಿಸಂ ವರ್ಣಭೇದದ ಒಂದು ರೂಪವೆಂದು ನಿರ್ಣಯ ಅಂಗೀಕರಿಸಿತು. ಇಸ್ರೇಲಿನ ಪ್ರತಿನಿಧಿ ಹೈಮ್ ಹರ್ಜಾಗ್ ವೇದಿಕೆಗೆ ಬಂದು, ಆ ರಾತ್ರಿಯ ವಾರ್ಷಿಕ ದಿನದಂದೇ ಈ ಚರ್ಚೆ ನಡೆಯುತ್ತಿರುವುದನ್ನು ನೆನಪಿಸಿ, ನಿರ್ಣಯದ ಪ್ರತಿಯನ್ನು ಎಲ್ಲರೆದುರು ಹರಿದರು. ದಿನ ಕೂಡಿದ್ದು ಸಭೆಯ ಕಾರ್ಯಕ್ರಮದಿಂದ. ಅದಕ್ಕೆ ಅರ್ಥ ತುಂಬಿದ್ದು ಮಾತಿನ ಬಲದಿಂದ. ಭಾರತ ಅಂದು ನಿರ್ಣಯದ ಪರವಾಗಿತ್ತು. 1991ರ ಡಿಸೆಂಬರ್ 16ರಂದು ಮಹಾಸಭೆ ಅದನ್ನು ರದ್ದುಮಾಡಿದಾಗ ಭಾರತ ರದ್ದತಿಯ ಪರವಾಗಿ ಮತ ನೀಡಿತು. 1950ರಲ್ಲಿಯೇ ಇಸ್ರೇಲಿಗೆ ಮಾನ್ಯತೆ ಕೊಟ್ಟಿದ್ದ ನಮ್ಮ ದೇಶ 1992ರ ಜನವರಿ 29ರಂದು ಅದರೊಡನೆ ಪೂರ್ಣ ರಾಜತಾಂತ್ರಿಕ ಸಂಬಂಧ ಸ್ಥಾಪಿಸಿತು.

ಕೊನೆಯ ಬಗೆ ನೆನಪಿನ ಸೆಳೆತ. ಯೆಹೂದ್ಯರು ಆವ್ ತಿಂಗಳ 9ನೆಯ ದಿನ ಉಪವಾಸ ಮಾಡುತ್ತಾರೆ. ಬಾಬಿಲೋನಿಯರು ಕೆಡವಿದ ಮೊದಲನೆಯ ದೇವಾಲಯವೂ, ಕ್ರಿ.ಶ. 70ರಲ್ಲಿ ರೋಮನರು ಸುಟ್ಟ ಎರಡನೆಯ ದೇವಾಲಯವೂ ಅಂದೇ ನಾಶವಾದವೆಂಬುದು ಸಂಪ್ರದಾಯ. ಆದರೆ ಬೈಬಲನ್ನೇ ತೆರೆದರೆ ಮೊದಲನೆಯ ದೇವಾಲಯ ಸುಡಲು ಶತ್ರು ಸೇನಾಧಿಪತಿ ಬಂದದ್ದು ಒಂದು ಕಡೆ ಆವ್ 7, ಇನ್ನೊಂದು ಕಡೆ ಆವ್ 10 ಎಂದಿದೆ. ಸಮುದಾಯದ ದುಃಖ ಒಂದು ದಿನವನ್ನು ಗಟ್ಟಿಮಾಡಿಕೊಂಡಿತು. ಆಮೇಲೆ ಬಂದ ಆಪತ್ತುಗಳನ್ನೂ ಅದು ತನ್ನತ್ತ ಎಳೆದುಕೊಂಡಿತು. 1914ರಲ್ಲಿ ಜರ್ಮನಿ ರಷ್ಯಾದ ಮೇಲೆ ಯುದ್ಧ ಸಾರಿದ ಆಗಸ್ಟ್ 1 ನಿಜವಾಗಿ ಆವ್ 9 ಆಗಿತ್ತು. 1942ರ ಜುಲೈ 22ರಂದು ವಾರ್ಸಾ ನಗರದ ಯೆಹೂದ್ಯರನ್ನು ಮರಣ ಶಿಬಿರಕ್ಕೆ ಸಾಗಿಸತೊಡಗಿದ್ದು ಅದರ ಹಿಂದಿನ ದಿನ. ಹೇಳುವವರು ಹಲವು ಸಲ ಎರಡನ್ನೂ ಒಂದೇ ದಿನವೆಂದುಬಿಡುತ್ತಾರೆ. ನೊಂದವರು ಹಾಗೆ ನೆನೆಯುವುದು ಸಹಜ. ಇತಿಹಾಸದ ವಿದ್ಯಾರ್ಥಿ ಮಾತ್ರ ಆ ನೋವಿಗೆ ತಲೆಬಾಗಿದ ಮೇಲೂ ತಾರೀಖನ್ನು ಒಮ್ಮೆ ಪರೀಕ್ಷಿಸಬೇಕು.

ತಾರೀಖಿನ ವಿಷಯದಲ್ಲಿ ಇಷ್ಟು ಎಚ್ಚರ ಯಾಕೆ ಎಂದು ನೀವು ಕೇಳಬಹುದು. ತಾರೀಖುಗಳು ಜನರನ್ನು ಒಟ್ಟುಗೂಡಿಸುತ್ತವೆ, ಕೆಲವೊಮ್ಮೆ ಉರಿಸುತ್ತವೆ. 1973ರ ಅಕ್ಟೋಬರ್ 6ರಂದು, ಯೆಹೂದ್ಯರ ಪ್ರಾಯಶ್ಚಿತ್ತದ ಪವಿತ್ರ ದಿನದಂದು, ಈಜಿಪ್ಟ್ ಮತ್ತು ಸಿರಿಯಾ ಇಸ್ರೇಲಿನ ಮೇಲೆ ಯುದ್ಧ ಆರಂಭಿಸಿದವು. ಐವತ್ತು ವರ್ಷ ಒಂದು ದಿನದ ತರುವಾಯ, 2023ರ ಅಕ್ಟೋಬರ್ 7ರಂದು, ಇನ್ನೊಂದು ಹಬ್ಬದ ಬೆಳಿಗ್ಗೆ ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಮಂದಿ ಹತರಾದರು. ಅದರ ಬೆನ್ನಿಗೆ ಬಂದ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತರು. ಅವರಲ್ಲಿ ಮಕ್ಕಳೂ ಬಹಳ. ಈ ದಿನಗಳೂ ಈಗ ಚೌಕಗಳಲ್ಲಿ ಸೇರಿಬಿಟ್ಟಿವೆ. ಮುಂದೆ ಅವನ್ನು ಯಾರು ಯಾವುದಕ್ಕೆ ಬಳಸುತ್ತಾರೆ ಎಂಬುದು ಸಣ್ಣ ಸಂಗತಿಯಲ್ಲ.

ಆದ್ದರಿಂದ ಒಂದು ಅಭ್ಯಾಸ ಸೂಚಿಸುತ್ತೇನೆ. ಎರಡು ಘಟನೆಗಳು ಒಂದೇ ತಾರೀಖಿಗೆ ಬಂದುದನ್ನು ಕಂಡರೆ ನಿಮ್ಮ ನೋಟ್ ಪುಸ್ತಕದಲ್ಲಿ ನಾಲ್ಕು ಪ್ರಶ್ನೆ ಬರೆದುಕೊಳ್ಳಿ. ಮೊದಲನೆಯದು, ಇದು ಯಾವ ಪಂಚಾಂಗದ, ಯಾವ ಊರಿನ ತಾರೀಖು? ಎರಡನೆಯದು, ಎರಡೂ ಕೂಡಿದ್ದು ತಾನಾಗಿಯೇ, ಯಾರೋ ಆರಿಸಿದ್ದರಿಂದಲೇ, ಅಥವಾ ಒಂದು ಇನ್ನೊಂದಕ್ಕೆ ಕಾರಣವಾದ್ದರಿಂದಲೇ? ಮೂರನೆಯದು, ತಾರೀಖು ನಿಜವಾಗಿ ಅದೇಯೇ, ಅಥವಾ ನೆನಪು ಅದನ್ನು ಒಂದೆರಡು ದಿನ ಸರಿಸಿದೆಯೇ? ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಈ ಚೌಕದಲ್ಲಿ ಮತ್ತಾರ ನೆನಪು ಇದೆ?

ನಮ್ಮ ಆಗಸ್ಟ್ 15ರ ಚೌಕವನ್ನೇ ನೋಡಿ. ಧ್ವಜ ಹಾರಿದ ಸಂತೋಷ ಅದರಲ್ಲಿದೆ. ಲಾಹೋರಿನಿಂದ, ಅಮೃತಸರದಿಂದ ಉಟ್ಟ ಬಟ್ಟೆಯಲ್ಲಿ ಹೊರಟವರ ಕಣ್ಣೀರೂ ಅದರ ಪಕ್ಕದಲ್ಲೇ ಇದೆ. ಒಂದನ್ನು ನೆನೆಯಲು ಇನ್ನೊಂದನ್ನು ಅಳಿಸಬೇಕಿಲ್ಲ. ನವೆಂಬರ್ 29ರಂದು ಜೆರೂಸಲೆಮ್ಮಿನ ಒಂದು ಬೀದಿಯಲ್ಲಿ ಕುಣಿದವರಿಗೂ ಮುಂದಿನ ಬೀದಿಯಲ್ಲಿ ಕದ ಮುಚ್ಚಿ ಕುಳಿತವರಿಗೂ ರಾತ್ರಿ ಒಂದೇ ಆಗಿತ್ತು. ಆ ಎರಡು ಮನೆಗಳ ಒಳಗನ್ನೂ ನೋಡಬಲ್ಲವರಾದರೆ ನೀವು ಇತಿಹಾಸ ಓದಿದ್ದು ಸಾರ್ಥಕ.